ತಲೆನೋವಿನ ಹಾಜರಿ ಪುಸ್ತಕ: ಎಂಬಿಬಿಎಸ್ ಓದುವವರಿಗೆ

ತಲೆನೋವು ಅಂತ ಮೆಡಿಕಲ್ ವಿದ್ಯಾರ್ಥಿ ರಜೆ ಹಾಕುವುದು ಅಪರೂಪ. ಕ್ಲಾಸಿಗೆ ಹೋಗುತ್ತಾರೆ, ಹಾಜರಿ ಹೇಳುತ್ತಾರೆ, ಹಿಂದಿನ ಬೆಂಚಿನಲ್ಲಿ ಹಣೆ ಒತ್ತಿಕೊಂಡು ಕೂರುತ್ತಾರೆ. ಫಾರ್ಮಕಾಲಜಿಯ ಒಂದು ಗಂಟೆ ಕಿವಿಯ ಪಕ್ಕದಲ್ಲೇ ಹರಿದುಹೋಗುತ್ತದೆ. ಸಂಜೆ ಅದೇ ಪಾಠವನ್ನು ಮತ್ತೆ ಓದಬೇಕು. ಅದಕ್ಕೆ ನಿದ್ದೆಯಿಂದ ಎರಡು ಗಂಟೆ ಸಾಲ ತೆಗೆಯಬೇಕು. ಆ ಸಾಲದ ಬಡ್ಡಿ ಮರುದಿನ ಮತ್ತೆ ತಲೆನೋವಾಗಿ ಬರುತ್ತದೆ. ಕಾಲೇಜಿನ ರಿಜಿಸ್ಟರಿನಲ್ಲಿ ಮಾತ್ರ ಎಲ್ಲಾ ದಿನವೂ ಹಾಜರು.

ಆದ್ದರಿಂದ ಮೊದಲ ಕೆಲಸ ಮಾತ್ರೆಯಲ್ಲ, ಎಣಿಕೆ. ತಿಂಗಳಿಗೆ ಎಷ್ಟು ದಿನ ನೋವು, ಎಷ್ಟು ದಿನ ಮಾತ್ರೆ, ಎಷ್ಟು ಗಂಟೆ ನಷ್ಟ ಎಂಬ ಮೂರು ಸಂಖ್ಯೆ ಕೈಯಲ್ಲಿಲ್ಲದಿದ್ದರೆ ಮುಂದಿನದೆಲ್ಲ ಊಹೆ. ಇದು ನಿಮ್ಮೊಬ್ಬರ ಕಷ್ಟವೂ ಅಲ್ಲ. ನಿಮ್ಹಾನ್ಸ್ ತಂಡ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಅವಧಿಯಲ್ಲಿ ವಯಸ್ಕರಲ್ಲಿ ಶೇ 63.9 ಮಂದಿಗೆ ತಲೆನೋವು ಬಂದಿತ್ತು, ಶೇ 25.2 ಮಂದಿಗೆ ಇದ್ದದ್ದು ಮೈಗ್ರೇನ್. ಅದೇ ಪ್ರಮಾಣವನ್ನು 150 ಜನರ ಬ್ಯಾಚಿಗೆ ಹಾಕಿ ನೋಡಿ: ಮೂವತ್ತೇಳು ಮೂವತ್ತೆಂಟು ಮಂದಿ.

ಪುಸ್ತಕ ಬರೆಯುವ ರೀತಿ

ಆ್ಯಪ್ ಬೇಕಾಗಿಲ್ಲ. ಏಪ್ರನ್ ಜೇಬಿನಲ್ಲಿರುವ ಸಣ್ಣ ನೋಟ್‌ಬುಕ್ಕಿನ ಕೊನೆಯ ಪುಟಗಳು ಸಾಕು. ನೋವು ಬಂದ ದಿನ ಒಂದೇ ಸಾಲು: ತಾರೀಖು, ಶುರುವಾದ ಗಂಟೆ, ಮುಗಿದ ಗಂಟೆ, ಜಾಗ (ಒಂದು ಬದಿ, ಎರಡೂ ಬದಿ, ಕತ್ತಿನ ಹಿಂಭಾಗ), 10ಕ್ಕೆ ಎಷ್ಟು ನೋವು, ವಾಕರಿಕೆ ಇತ್ತೇ, ಬೆಳಕು ಚುಚ್ಚುತ್ತಿತ್ತೇ, ನುಂಗಿದ ಮಾತ್ರೆಯ ಹೆಸರು ಮತ್ತು ಸಮಯ, ಎರಡು ಗಂಟೆಯ ನಂತರ ಹೇಗಿತ್ತು. ಪಕ್ಕದಲ್ಲಿ ಹಿಂದಿನ ರಾತ್ರಿಯ ನಿದ್ದೆಯ ಗಂಟೆ ಮತ್ತು ಬಿಟ್ಟ ಊಟ. ಹೆಣ್ಣುಮಕ್ಕಳು ಮುಟ್ಟಿನ ದಿನಕ್ಕೆ ಒಂದು ಚುಕ್ಕಿ ಇಟ್ಟರೆ ಸಾಕು. ಒಂದು ಸಾಲು ಹೀಗಿರುತ್ತದೆ: ‘12, ಮಂಗಳವಾರ, ಬೆ. 11ರಿಂದ ಸಂ. 5, ಎಡ ಕಣತಲೆ, 7, ವಾಕರಿಕೆ ಹೌದು, ಬೆಳಕು ಹೌದು, ಪ್ಯಾರಾಸಿಟಮಾಲ್ 500 ಮ. 2ಕ್ಕೆ, ಉಪಯೋಗವಿಲ್ಲ, ನಿದ್ದೆ 4, ತಿಂಡಿ ಇಲ್ಲ.’ ಈ ಒಂದು ಸಾಲಿನಲ್ಲೇ ಮೂರು ತಪ್ಪುಗಳು ಕೂತಿವೆ. ಮೂರೂ ಮುಂದೆ ಬರುತ್ತವೆ.

ಮೂರು ತಿಂಗಳಾದ ಮೇಲೆ ಮಿಡಾಸ್ ಅಂಕ ಹಾಕಿ, ಅಂದರೆ ತಲೆನೋವು ತಿಂದ ದಿನಗಳನ್ನು ಅಳೆಯುವ ಪ್ರಶ್ನಾವಳಿ. ಐದೇ ಪ್ರಶ್ನೆ, ಉತ್ತರವೆಲ್ಲ ದಿನಗಳಲ್ಲಿ. ಕಾಲೇಜು ಪೂರ್ತಿ ತಪ್ಪಿದ ದಿನ, ಹೋದರೂ ಅರ್ಧಕ್ಕಿಂತ ಕಡಿಮೆ ಕೆಲಸವಾದ ದಿನ, ಮನೆಗೆಲಸ ಪೂರ್ತಿ ನಿಂತ ದಿನ, ಮನೆಗೆಲಸ ಅರ್ಧಕ್ಕೆ ಇಳಿದ ದಿನ, ಮನೆಯವರು-ಗೆಳೆಯರು-ಆಟ ತಪ್ಪಿದ ದಿನ. ಹಾಸ್ಟೆಲಿನಲ್ಲಿ ಎಂಥ ಮನೆಗೆಲಸ ಅನ್ನಬೇಡಿ. ಬಕೆಟ್ಟಿನಲ್ಲಿ ನೆನೆದು ನಾರುತ್ತಿರುವ ಬಟ್ಟೆ ಅದರ ಲೆಕ್ಕಕ್ಕೆ. ಉದಾಹರಣೆಗೆ 2, 9, 3, 2, 4 ಎಂದು ಬಂದರೆ ಒಟ್ಟು 20. 0ರಿಂದ 5 ಮೊದಲ ದರ್ಜೆ, 6ರಿಂದ 10 ಎರಡನೆಯದು, 11ರಿಂದ 20 ಮೂರನೆಯದು, 21 ಅಥವಾ ಹೆಚ್ಚಾದರೆ ನಾಲ್ಕನೆಯದು, ಅಂದರೆ ತೀವ್ರ. ಕಾಲೇಜಿನ ರಿಜಿಸ್ಟರ್ ನೋಡಿದವರಿಗೆ ಕಾಣುವುದು 2, ನಿಮ್ಮ ಬದುಕಿನಿಂದ ಹೋದದ್ದು 20. ನಮ್ಮ ಪ್ರಕಾರ ಎರಡನೆಯ ಪ್ರಶ್ನೆಯೇ ಮೆಡಿಕಲ್ ವಿದ್ಯಾರ್ಥಿಗಳ ನಿಜವಾದ ಪ್ರಶ್ನೆ. ಥಿಯರಿಗೆ ಶೇ 75, ಪ್ರಾಕ್ಟಿಕಲ್-ಕ್ಲಿನಿಕಲ್‌ಗೆ ಶೇ 80 ಹಾಜರಿ ಬೇಕು. ನಾಲ್ಕು ವಾರದ ಪೋಸ್ಟಿಂಗಿನಲ್ಲಿ ಕೆಲಸದ ದಿನ 24 ಅಂದುಕೊಂಡರೆ ತಪ್ಪಿಸಲು ಸಿಗುವುದು ನಾಲ್ಕೇ ದಿನ. ಆ ನಾಲ್ಕನ್ನು ಜ್ವರಕ್ಕೋ ಅಕ್ಕನ ಮದುವೆಗೋ ಎತ್ತಿಡುತ್ತಾರೆ, ತಲೆನೋವಿಗೆ ಯಾರೂ ಖರ್ಚು ಮಾಡುವುದಿಲ್ಲ.

ಇದು ಯಾವ ತಲೆನೋವು

ಪಠ್ಯದಲ್ಲಿ ಓದಿರುತ್ತೀರಿ, ಆದರೆ ಸ್ವಂತ ತಲೆಗೆ ಹಚ್ಚಿ ನೋಡಿರುವುದಿಲ್ಲ. ಮೈಗ್ರೇನ್ ಔಷಧಿ ಇಲ್ಲದಿದ್ದರೆ 4ರಿಂದ 72 ಗಂಟೆ ಇರುತ್ತದೆ. ಒಂದೇ ಬದಿ, ನಾಡಿ ಮಿಡಿದಂತೆ ಬಡಿತ, ಮಧ್ಯಮದಿಂದ ತೀವ್ರ ನೋವು, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದು, ಈ ನಾಲ್ಕರಲ್ಲಿ ಎರಡಿರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಸದ್ದು ಎರಡೂ ಸಹಿಸದಿರುವುದು. ಇಂಥ ಐದು ಸಲ ಆಗಿರಬೇಕು. ನಮ್ಮ ‘ಅರೆತಲೆನೋವು’ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಎರಡೂ ಬದಿ ನೋಯುವ ಮೈಗ್ರೇನ್ ಬೇಕಾದಷ್ಟಿದೆ. ಕೆನ್ನೆ-ಹಣೆ ಭಾರವಾಗಿ, ಮೂಗು ಕಟ್ಟಿ, ‘ಸೈನಸ್’ ಅಂತ ವರ್ಷಗಟ್ಟಲೆ ಆವಿ ತೆಗೆದುಕೊಳ್ಳುವವರಲ್ಲೂ ಬಹುಪಾಲು ಮೈಗ್ರೇನೇ.

ಟೆನ್ಷನ್ ತಲೆನೋವು ಇದರ ತದ್ವಿರುದ್ಧ. ಎರಡೂ ಬದಿ, ಪೇಟ ಬಿಗಿದಂತೆ, ಅರ್ಧ ಗಂಟೆಯಿಂದ ಏಳು ದಿನದವರೆಗೆ. ನಡೆದಾಡಿದರೆ ಹೆಚ್ಚುವುದಿಲ್ಲ, ವಾಂತಿ ಇಲ್ಲ. ಕೆಲಸ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ವ್ಯತ್ಯಾಸ ಕಂಡುಹಿಡಿಯಲು ಸುಲಭದ ಪರೀಕ್ಷೆ: ನೋವಿದ್ದಾಗ ನಿಮಗೆ ಏನು ಬೇಕನ್ನಿಸುತ್ತದೆ? ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಬಿದ್ದಿರಬೇಕು ಅನ್ನಿಸಿದರೆ ಮೈಗ್ರೇನ್ ಕಡೆಗೆ ವಾಲುತ್ತದೆ. ಕ್ಯಾಂಟೀನಿಗೆ ಹೋಗಿ ಬಂದರೆ ಸರಿಹೋದೀತು ಅನ್ನಿಸಿದರೆ ಟೆನ್ಷನ್ ಕಡೆಗೆ.

ಮೂರನೆಯದು ನಾವೇ ತಯಾರಿಸಿಕೊಳ್ಳುವುದು. ತಿಂಗಳಿಗೆ 15 ಅಥವಾ ಹೆಚ್ಚು ದಿನ ತಲೆನೋವು, ಮೂರು ತಿಂಗಳಿಗೂ ಮೀರಿ ಮಾತ್ರೆ: ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಒಂಟಿ ಮಾತ್ರೆಯಾದರೆ ತಿಂಗಳಿಗೆ 15 ದಿನ, ಕೆಫೀನ್ ಸೇರಿದ ಮಿಶ್ರ ಮಾತ್ರೆ, ಟ್ರಿಪ್ಟಾನ್ (ಮೈಗ್ರೇನಿಗೆಂದೇ ಇರುವ ಮಾತ್ರೆ), ಟ್ರಮಡಾಲ್ (ಅಫೀಮು ಜಾತಿಯ ನೋವಿನ ಮಾತ್ರೆ) ಆದರೆ 10 ದಿನ. ಆಗ ಮಾತ್ರೆಯೇ ತಲೆನೋವನ್ನು ಕಾಯಂ ಮಾಡುತ್ತದೆ, ಇದೇ ಅತಿಬಳಕೆಯ ತಲೆನೋವು. ಮೆಡಿಕಲ್ ಕಾಲೇಜಿನಲ್ಲಿ ಇದಕ್ಕೆ ದಾರಿ ಸಲೀಸು. ಸ್ಯಾಂಪಲ್ ಸ್ಟ್ರಿಪ್ ಪುಕ್ಕಟೆ, ಸೀನಿಯರ್ ಬಾಯಿಮಾತಿನ ಚೀಟಿ, ಜೊತೆಗೆ ‘ನನಗೆ ಗೊತ್ತಿಲ್ಲದ್ದೇ’ ಎಂಬ ಧೈರ್ಯ. ಎಣಿಸಬೇಕಾದದ್ದು ಮಾತ್ರೆಯನ್ನಲ್ಲ, ಮಾತ್ರೆ ನುಂಗಿದ ದಿನವನ್ನು. ಒಂದೇ ದಿನ ಮೂರು ನುಂಗಿದರೂ ಅದು ಒಂದು. ಹತ್ತು ದಿನ ಒಂದೊಂದು ನುಂಗಿದರೆ ಅದು ಹತ್ತು.

ದಿನ ಎಲ್ಲಿ ಹಾಳಾಗುತ್ತದೆ

ಬೆಳಗಿನ ತಿಂಡಿಯಿಂದ ಶುರು ಮಾಡಿ. ಎಂಟಕ್ಕೆ ಕ್ಲಾಸು, ಏಳೂಮುಕ್ಕಾಲಿಗೆ ಎಚ್ಚರ, ಮೆಸ್ಸಿನಲ್ಲಿ ಇಡ್ಲಿಗೆ ಸಾಲು, ‘ಮಧ್ಯಾಹ್ನ ತಿಂದರಾಯ್ತು.’ ರಾತ್ರಿ ಒಂಬತ್ತರ ಊಟದಿಂದ ಮಧ್ಯಾಹ್ನ ಒಂದೂವರೆಗೆ ಹದಿನಾರೂವರೆ ಗಂಟೆ. ಎಂಟು ಗಂಟೆ ಮೀರಿದ ಉಪವಾಸವೇ ತಲೆನೋವಿಗೆ ಸಾಕು ಎಂದು ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲೇ ಇದೆ. ಹಾಸ್ಟೆಲ್ ರೂಮಿನಲ್ಲಿ ಹುರಿಗಡಲೆ, ಶೇಂಗಾ, ಬಾಳೆಹಣ್ಣು ಇಟ್ಟುಕೊಳ್ಳಿ. ಒಂದು ಹಿಡಿ ಶೇಂಗಾ ಮತ್ತು ಒಂದು ಬಾಳೆಹಣ್ಣು ಎರಡು ನಿಮಿಷದ ಕೆಲಸ, ನಡೆಯುತ್ತಲೇ ಮುಗಿಯುತ್ತದೆ. ಬಿಸ್ಕತ್ತು-ಚಹಾ ತಿಂಡಿಯಲ್ಲ, ಎರಡು ಗಂಟೆಯಲ್ಲಿ ಕೈಕೊಡುತ್ತದೆ. ಏಕಾದಶಿಯೋ ರಂಜಾನೋ ಹಿಡಿಯುವವರು ಉಪವಾಸ ಬಿಡಬೇಕೆಂದಿಲ್ಲ. ಹಿಂದಿನ ವಾರದಿಂದಲೇ ಕಾಫಿ ಇಳಿಸಿ, ಬೆಳಗಿನ ಜಾವದ ಊಟವನ್ನು ತಪ್ಪಿಸದಿದ್ದರೆ ಮೊದಲೆರಡು ದಿನದ ನೋವು ಬಹಳಷ್ಟು ಕಡಿಮೆ.

ಕಾಫಿಗೆ ಲೆಕ್ಕ ಬೇಕು. ಗಟ್ಟಿ ಡಿಕಾಕ್ಷನ್ನಿನ ಒಂದು ಲೋಟದಲ್ಲಿ ಸುಮಾರು 80ರಿಂದ 100 ಮಿಲಿಗ್ರಾಂ ಕೆಫೀನ್ (ಚಿಕೋರಿಯಲ್ಲಿ ಕೆಫೀನ್ ಇಲ್ಲ, ಅದು ಹೆಚ್ಚಿದ್ದಷ್ಟೂ ಸಂಖ್ಯೆ ಇಳಿಯುತ್ತದೆ), ಚಹಾದಲ್ಲಿ 30ರಿಂದ 50, 250 ಮಿ.ಲೀ. ಎನರ್ಜಿ ಡ್ರಿಂಕ್ ಕ್ಯಾನಿನಲ್ಲಿ 75-80. ದಿನಕ್ಕೆ 200 ಮಿಲಿಗ್ರಾಂ ದಾಟಿ ಎರಡು ವಾರ ಕುಡಿದರೆ, ನಿಲ್ಲಿಸಿದ 24 ಗಂಟೆಯೊಳಗೆ ತಲೆ ಹಿಡಿಯುತ್ತದೆ. ಪರೀಕ್ಷೆಗೆ ಮುಂಚೆ ಐದು ಲೋಟ, ಊರಿಗೆ ಹೋದ ಮೇಲೆ ಅಮ್ಮ ಕೊಡುವ ಒಂದೇ ಲೋಟ. ರಜೆಯ ಮೊದಲ ದಿನವೇ ತಲೆ ಸಿಡಿಯುವುದಕ್ಕೆ ಇದೊಂದು ಕಾರಣ. ಇನ್ನೊಂದು ಒತ್ತಡ ಒಮ್ಮೆಗೆ ಇಳಿಯುವುದು. ಕೊನೆಯ ಪೇಪರ್ ಮುಗಿದ ಸಂಜೆ ಅಥವಾ ಮರುದಿನ ಮೈಗ್ರೇನ್ ಬರುವವರು ಬಹಳ. ಕಾಫಿ ಬಿಡುವುದಾದರೆ ಮೂರು ದಿನಕ್ಕೆ ಒಂದು ಲೋಟದಂತೆ ಇಳಿಸಿ, ಮಲಗುವ ಮುಂಚಿನ ಆರು ಗಂಟೆಯೊಳಗಿನ ಲೋಟವನ್ನು ಮೊದಲು ತೆಗೆಯಿರಿ.

ಡಿಸೆಕ್ಷನ್ ಹಾಲ್ ಮೊದಲ ವರ್ಷದವರ ಶತ್ರು. ಫಾರ್ಮಲಿನ್ ಅಂದರೆ 37ರಿಂದ 40 ಶೇಕಡಾ ಫಾರ್ಮಾಲ್ಡಿಹೈಡ್ ದ್ರಾವಣ. ಕಣ್ಣು-ಮೂಗು ಉರಿಸುತ್ತದೆ, ಗಾಢ ವಾಸನೆ ಮೈಗ್ರೇನಿನವರಿಗೆ ಕಿಡಿ. ಸರ್ಜಿಕಲ್ ಮಾಸ್ಕ್ ಆ ಆವಿಯನ್ನು ತಡೆಯುವುದಿಲ್ಲ, ಎನ್-95 ಕೂಡ ತಡೆಯದು, ಅದು ಕಣಕ್ಕಷ್ಟೆ. ಆವಿಗೆ ಫಾರ್ಮಾಲ್ಡಿಹೈಡ್‌ಗೆಂದೇ ಮಾಡಿದ ಫಿಲ್ಟರ್ ಇರುವ ಮಾಸ್ಕ್ ಬೇಕು. ಕಿಟಕಿ ಅಥವಾ ಎಕ್ಸಾಸ್ಟ್ ಪಕ್ಕದ ಮೇಜು ಕೇಳಿ ಪಡೆಯಿರಿ, ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು ಕನ್ನಡಕ ಹಾಕಿ, ಸ್ಪೆಸಿಮನ್ ಹಿಡಿಯುವ ಮೊದಲು ಹರಿಯುವ ನೀರಿನಲ್ಲಿ ತೊಳೆಯಿರಿ, 40 ನಿಮಿಷಕ್ಕೊಮ್ಮೆ ಹೊರಗೆ ಹೋಗಿ ಬನ್ನಿ. ವಾಸನೆ ಮುಚ್ಚಲೆಂದು ಸೆಂಟ್ ಹೊಡೆದುಕೊಂಡು ಹೋಗುವವರಿದ್ದಾರೆ. ಬೆಂಕಿಗೆ ಎಣ್ಣೆ.

ಎರಡನೇ ವರ್ಷದಲ್ಲಿ ಬೇರೆ ಪೀಡೆ: ಪೆಥಾಲಜಿಯಲ್ಲಿ ಮೆದುಳಿನ ಗೆಡ್ಡೆ ಓದಿದ ವಾರ ಎಲ್ಲರಿಗೂ ಗೆಡ್ಡೆಯ ಅನುಮಾನ. ನಿಮ್ಮ ತಲೆನೋವಿನ ಪುಸ್ತಕದಲ್ಲಿ ಮೊದಲಿನಿಂದಲೂ ಅದೇ ಮಾದರಿಯ ನೋವು ದಾಖಲಾಗಿದ್ದರೆ ರಾತ್ರಿ ನೆಮ್ಮದಿಯಾಗಿ ಮಲಗಬಹುದು.

ಓಟಿಯಲ್ಲಿ (ಆಪರೇಷನ್ ಥಿಯೇಟರಿನಲ್ಲಿ) ಗಾಯ ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಹಿಡಿದು ಮೂರು ಗಂಟೆ ನಿಲ್ಲುವಾಗ ನೀರಿಲ್ಲ, ತುತ್ತಿಲ್ಲ, ಕತ್ತು ಒಂದೇ ಕೋನದಲ್ಲಿ. ಒಳಗೆ ಹೋಗುವ ಅರ್ಧ ಗಂಟೆ ಮುಂಚೆ ಒಂದು ಲೋಟ ನೀರು ಮತ್ತು ಸ್ವಲ್ಪ ತಿಂಡಿ ಹೊಟ್ಟೆಯಲ್ಲಿರಲಿ. ಎನ್-95, ಹೆಡ್‌ಲೈಟ್, ಗಾಗಲ್ಸ್ ಪಟ್ಟಿ ಒತ್ತಿ ಬರುವ ನೋವು ತೆಗೆದ ಒಂದು ಗಂಟೆಯೊಳಗೆ ಹೋಗುತ್ತದೆ. ಹೋಗದಿದ್ದರೆ ಅದು ಬೇರೆಯದು. ಮೇಲಿನ ಪಟ್ಟಿ ನೆತ್ತಿಯ ಮೇಲೆ, ಕೆಳಗಿನದು ಕಿವಿಯ ಕೆಳಗೆ ಕತ್ತಿನ ಹಿಂದೆ ಇರಲಿ. ಎರಡನ್ನೂ ಒಂದೇ ಕಡೆ ಕಟ್ಟುವುದರಿಂದ ಒತ್ತಡವೂ ಹೆಚ್ಚು, ಮಾಸ್ಕೂ ಸೋರುತ್ತದೆ.

ಇನ್ನೊಂದು ನಮ್ಮ ಕಡೆಯದೇ. ತಲೆಸ್ನಾನ ಮಾಡಿದರೆ ಮೈಗ್ರೇನ್ ಬರುತ್ತದೆ ಅಂದರೆ ಅಜ್ಜಿಯ ಮಾತು ಅಂತ ನಗುವವರಿದ್ದಾರೆ. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ 94 ಭಾರತೀಯ ರೋಗಿಗಳಲ್ಲಿ ಇದನ್ನೇ ದಾಖಲಿಸಿ 2006ರಲ್ಲಿ ಪ್ರಕಟಿಸಿದರು. ಉದ್ದ ಕೂದಲಿದ್ದರೆ ಕ್ಲಾಸಿನ ದಿನ ಬೆಳಿಗ್ಗೆ ನೆನೆಸಿ, ಒದ್ದೆ ಜಡೆ ಕಟ್ಟಿಕೊಂಡು ಓಡುವ ಬದಲು ಬಿಡುವಿರುವ ಮಧ್ಯಾಹ್ನ ತೊಳೆದು, ಪೂರ್ತಿ ಒಣಗಿಸಿ ಕಟ್ಟಿ ನೋಡಿ. ನಿಜವಾಗಿ ನಿಮಗೆ ಅದೇ ಕಾರಣವೋ ಅಲ್ಲವೋ ಎಂಬುದು ಮೂರು ತಿಂಗಳ ಪುಟಗಳಲ್ಲಿ ತಾನಾಗಿ ಕಾಣುತ್ತದೆ.

ನಿದ್ದೆಯ ವಿಷಯ ಚಿಕ್ಕದಾಗಿ: ಎಷ್ಟು ಗಂಟೆ ಎನ್ನುವುದಕ್ಕಿಂತ ಏಳುವ ಹೊತ್ತು ಮುಖ್ಯ. ವಾರವಿಡೀ ಆರಕ್ಕೆ ಎದ್ದು ಭಾನುವಾರ ಹನ್ನೊಂದರವರೆಗೆ ಮಲಗಿದರೆ ಹನ್ನೆರಡಕ್ಕೆ ತಲೆನೋವು. ವ್ಯತ್ಯಾಸ ಒಂದು ಗಂಟೆ ಮೀರದಿರಲಿ. ಬಾಕಿ ನಿದ್ದೆಯನ್ನು ಶನಿವಾರ ರಾತ್ರಿ ಬೇಗ ಮಲಗಿ ತೀರಿಸಿ. ಇಂಟರ್ನ್‌ಗಳು ನೈಟ್ ಡ್ಯೂಟಿಯ ಮಧ್ಯೆ ಎರಡು ಗಂಟೆ ಹೊತ್ತಿಗೆ ಏನಾದರೂ ತಿನ್ನಬೇಕು, ಸಿಕ್ಕರೆ 20 ನಿಮಿಷದ ಕೋಳಿನಿದ್ದೆ. ಡ್ಯೂಟಿ ಮುಗಿದ ಬೆಳಿಗ್ಗೆ ನಾಲ್ಕೈದು ಗಂಟೆ ಮಲಗಿ, ಎದ್ದು, ರಾತ್ರಿ ಮಾಮೂಲಿ ಹೊತ್ತಿಗೆ ಮತ್ತೆ ಮಲಗಿ.

ಮಾತ್ರೆ: ಬೇಗ, ಸಾಕಷ್ಟು, ಅಪರೂಪಕ್ಕೆ

ಮಂಗಳವಾರದ ಆ ಸಾಲಿಗೆ ವಾಪಸ್ ಬನ್ನಿ. ತಿಂಡಿ ಬಿಟ್ಟದ್ದು ಮೊದಲ ತಪ್ಪು. ಎರಡನೆಯದು ಹನ್ನೊಂದಕ್ಕೆ ಶುರುವಾದ ನೋವಿಗೆ ಎರಡಕ್ಕೆ ಮಾತ್ರೆ. ಮೈಗ್ರೇನಿನಲ್ಲಿ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ, ತಡವಾಗಿ ನುಂಗಿದ ಮಾತ್ರೆ ಅಲ್ಲೇ ಕೂತಿರುತ್ತದೆ. ನೋವು ಮೈಗ್ರೇನಿನದೇ ಎಂದು ಖಚಿತವಾದ ಅರ್ಧ-ಒಂದು ಗಂಟೆಯೊಳಗೆ ನುಂಗಬೇಕು. ಮೂರನೆಯದು ಪ್ರಮಾಣ. ವಯಸ್ಕರಿಗೆ ಪ್ಯಾರಾಸಿಟಮಾಲ್ 1000 ಮಿಲಿಗ್ರಾಂ, ಐಬುಪ್ರೊಫೆನ್ 400, ನಾಪ್ರೊಕ್ಸೆನ್ 500, ಇವುಗಳಲ್ಲಿ ಒಂದು. ಅರ್ಧ ಡೋಸಿನಿಂದ ಅರ್ಧ ನೋವೂ ಹೋಗುವುದಿಲ್ಲ, ಮಾತ್ರೆಯ ದಿನ ಮಾತ್ರ ಒಂದು ಏರುತ್ತದೆ. ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ನೆಗಡಿ ಮಾತ್ರೆಯಲ್ಲೂ ಅದೇ ಇರುತ್ತದೆ, ಸ್ಟ್ರಿಪ್ಪಿನ ಹಿಂದೆ ಓದಿ. ಐಬುಪ್ರೊಫೆನ್, ನಾಪ್ರೊಕ್ಸೆನ್ ಊಟದ ಮೇಲೆ. ಅಲ್ಸರ್, ಮೂತ್ರಪಿಂಡದ ತೊಂದರೆ, ಮಾತ್ರೆಯಿಂದ ಕೆರಳುವ ಆಸ್ತಮಾ ಇದ್ದವರಿಗೆ ಬೇಡ. ವಾಕರಿಕೆ ಜೋರಿದ್ದರೆ ಡೊಂಪೆರಿಡೋನ್ ಜೊತೆಯಾಗಿ ಕೊಡುವುದುಂಟು.

ಇವು ಮೂರು ಸಲಕ್ಕೂ ಕೆಲಸ ಮಾಡದಿದ್ದರೆ ಟ್ರಿಪ್ಟಾನ್ ವಿಷಯ ವೈದ್ಯರ ಹತ್ತಿರ ಎತ್ತಿ. ಸುಮಾಟ್ರಿಪ್ಟಾನ್ 50 ಅಥವಾ ರಿಝಾಟ್ರಿಪ್ಟಾನ್ 10 ಮಿಲಿಗ್ರಾಂ ಸಾಮಾನ್ಯ. ಕಣ್ಣೆದುರು ಮಿಂಚಿನ ಗೆರೆ ಓಡುವ ಆರಾ ಇದ್ದವರು ಗೆರೆ ಕಂಡಾಗಲ್ಲ, ನೋವು ಶುರುವಾದಾಗ ನುಂಗಬೇಕು. ಎದೆ-ಗಂಟಲು ಬಿಗಿದಂತಾಗಬಹುದು, ಹೃದಯದ ಕಾಯಿಲೆ, ಹತೋಟಿಯಿಲ್ಲದ ಬಿಪಿ ಇದ್ದವರಿಗೆ ನಿಷಿದ್ಧ. ಪ್ರೊಪ್ರನೊಲಾಲ್ (ಬಿಪಿಗೆ, ಮೈಗ್ರೇನ್ ತಡೆಗೆ ಕೊಡುವ ಔಷಧಿ) ನುಂಗುವವರಿಗೆ ರಿಝಾಟ್ರಿಪ್ಟಾನ್ 5 ಮಿಲಿಗ್ರಾಂ ಮಾತ್ರ, ಎರಡೂ ಸೇರಿದರೆ ರಿಝಾಟ್ರಿಪ್ಟಾನ್ ರಕ್ತದಲ್ಲಿ ಏರುತ್ತದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೈ ನಡುಗದಿರಲಿ ಅಂತ ಗೆಳೆಯನ ಪ್ರೊಪ್ರನೊಲಾಲ್ ಎರವಲು ಪಡೆಯುವವರು ಇದನ್ನೂ, ಆಸ್ತಮಾದವರಿಗೆ ಅದು ಅಪಾಯ ಎಂಬುದನ್ನೂ ನೆನಪಿಡಲಿ.

ಮೇಲ್ಮಿತಿ ಒಂದು ಹಾಕಿಕೊಳ್ಳಿ: ಯಾವ ಮಾತ್ರೆಯಾದರೂ ವಾರಕ್ಕೆ ಎರಡು ದಿನ. ಮೂರನೆಯ ದಿನದ ನೋವಿಗೆ ಕತ್ತಲೆ, ನೀರು, ಹಣೆಗೆ ಐಸ್, ನಿದ್ದೆ. ಅತಿಬಳಕೆಯ ತಲೆನೋವು ಈಗಾಗಲೇ ಹಿಡಿದಿದ್ದರೆ ಒಂಟಿ ಮಾತ್ರೆಗಳನ್ನು ಒಮ್ಮೆಗೇ ನಿಲ್ಲಿಸಬಹುದು. ಎರಡರಿಂದ ಹತ್ತು ದಿನ ನೋವು ಇನ್ನೂ ಜೋರಾಗುತ್ತದೆ. ಹಾಗಾಗಿ ಇಂಟರ್ನಲ್ಸ್ ಮುಗಿದ ರಜೆಗೆ ತಾರೀಖು ಗುರುತು ಮಾಡಿಕೊಂಡು ನಿಲ್ಲಿಸಿ, ಯೂನಿವರ್ಸಿಟಿ ಪರೀಕ್ಷೆಯ ತಿಂಗಳಲ್ಲಿ ಬೇಡ. ಟ್ರಮಡಾಲ್ ದಿನವೂ ನುಂಗುತ್ತಿದ್ದರೆ ಒಬ್ಬರೇ ನಿಲ್ಲಿಸಬೇಡಿ.

ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಮೈಗ್ರೇನ್, ಅಥವಾ ಮಿಡಾಸ್ 11 ದಾಟಿದರೆ ತಡೆಯುವ ಔಷಧಿ ಕೇಳುವ ಸಮಯ. ಇಲ್ಲಿ ವಿದ್ಯಾರ್ಥಿ ಬಾಯಿಬಿಟ್ಟು ‘ನಾನು ಓದಬೇಕು’ ಅನ್ನಬೇಕು, ಆಯ್ಕೆ ಅದರ ಮೇಲಿದೆ. ಟೊಪಿರಮೇಟ್ ಕೆಲಸ ಮಾಡುತ್ತದೆ, ಆದರೆ ನಾಲಿಗೆ ತುದಿಯಲ್ಲಿದ್ದ ಪದ ಸಿಗದಂತೆ ಮಾಡಬಲ್ಲದು; ವೈವಾ ಹತ್ತಿರವಿದ್ದರೆ ಬೇರೆ ಕೇಳಿ. ಫ್ಲುನಾರಿಝಿನ್, ಅಮಿಟ್ರಿಪ್ಟಿಲಿನ್ ರಾತ್ರಿ ಕೊಡುವಂಥವು, ಬೆಳಿಗ್ಗೆ ತೂಕಡಿಕೆ ಮತ್ತು ತೂಕ ಏರುವುದು ಸಾಮಾನ್ಯ, ಅದಕ್ಕೇ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ವಾಲ್‌ಪ್ರೊಯೇಟ್ ಹೆಣ್ಣುಮಕ್ಕಳಿಗೆ ಬೇಡ. ಯಾವುದೇ ಆದರೂ ಸರಿಯಾದ ಪ್ರಮಾಣದಲ್ಲಿ ಎಂಟು ವಾರ ನೋಡದೆ ‘ಉಪಯೋಗವಿಲ್ಲ’ ಅನ್ನುವಂತಿಲ್ಲ. ಪರೀಕ್ಷೆಗೆ ಎರಡು ವಾರ ಇರುವಾಗ ಓಡಿ ಬರುವವರಿಗೆ ಇದೇ ದೊಡ್ಡ ನಷ್ಟ.

ಪರೀಕ್ಷೆಯ ಬೆಳಿಗ್ಗೆ

ಹೊಸ ಮಾತ್ರೆಯ ಪ್ರಯೋಗ ಆ ದಿನ ಬೇಡವೇ ಬೇಡ. ಟ್ರಿಪ್ಟಾನ್ ಆಗಲಿ ಡೊಂಪೆರಿಡೋನ್ ಆಗಲಿ, ಹಿಂದೊಮ್ಮೆ ಬಿಡುವಿನ ದಿನ ನುಂಗಿ ಮೈಗೆ ಹೊಂದುತ್ತದೆ ಎಂದು ಪುಸ್ತಕದಲ್ಲಿ ಬರೆದಿರಬೇಕು. ಪೇಪರ್ 3 ಗಂಟೆ. ಎಂದಿನಷ್ಟೇ ಕಾಫಿ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಪಾರದರ್ಶಕ ಬಾಟಲಿಯಲ್ಲಿ ಅರ್ಧ ಲೀಟರ್ ನೀರು. ಕಣ್ಣಿಗೆ ನೇರ ಟ್ಯೂಬ್‌ಲೈಟ್ ಬೀಳುವ ಜಾಗ ಸಿಕ್ಕರೆ ಶುರುವಾಗುವ ಮುಂಚೆಯೇ ಮೇಲ್ವಿಚಾರಕರಿಗೆ ಹೇಳಿ, ನಡುವೆ ಎದ್ದು ಕೇಳುವುದು ಕಷ್ಟ. ಆರಾ ಬಂದು ಅಕ್ಷರ ಕಾಣದಾದರೆ ಪೆನ್ ಕೆಳಗಿಡಿ. ಸಾಮಾನ್ಯವಾಗಿ 5ರಿಂದ 60 ನಿಮಿಷದಲ್ಲಿ ತೆರವಾಗುತ್ತದೆ. ಆ ಹೊತ್ತು ಮುಂದಿನ ದೀರ್ಘ ಉತ್ತರದ ತಲೆಬರಹಗಳನ್ನು ಮನಸ್ಸಿನಲ್ಲೇ ಜೋಡಿಸಿ.

ಮುಟ್ಟಿನ ಸುತ್ತ, ಅಂದರೆ ಎರಡು ದಿನ ಮುಂಚಿನಿಂದ ಮೂರನೆಯ ದಿನದವರೆಗೆ, ಮೂರು ಸಲದಲ್ಲಿ ಎರಡು ಸಲವಾದರೂ ಮೈಗ್ರೇನ್ ಬರುವವರು ವೇಳಾಪಟ್ಟಿ ಬಂದ ದಿನವೇ ಚುಕ್ಕಿಗಳನ್ನು ಅದರ ಪಕ್ಕ ಇಟ್ಟು ನೋಡಬೇಕು. ಆ ಐದಾರು ದಿನಕ್ಕೆ ಮಾತ್ರ ನಾಪ್ರೊಕ್ಸೆನ್ ದಿನಕ್ಕೆರಡು ಬಾರಿ ಕೊಡುವ ಪದ್ಧತಿಯಿದೆ, ವೈದ್ಯರನ್ನು ಕೇಳಿ. ಮುಟ್ಟು ಮುಂದೂಡಲು ಮಾತ್ರೆ ನುಂಗುವ ಮುನ್ನ ಆರಾ ಇದೆಯೇ ಎಂದು ಹೇಳಿಬಿಡಿ: ಆರಾ ಇದ್ದವರಿಗೆ ಈಸ್ಟ್ರೊಜೆನ್ ಇರುವ ಮಾತ್ರೆಯಿಂದ ಪಾರ್ಶ್ವವಾಯುವಿನ ಅಪಾಯ ಏರುತ್ತದೆ.

ಪುಸ್ತಕ ಮುಚ್ಚಿ ಕ್ಯಾಶುಯಾಲಿಟಿಗೆ

ಕೆಲವನ್ನು ಬರೆದಿಡುವ ಹಾಗಿಲ್ಲ, ಆ ಕ್ಷಣವೇ ಎದ್ದು ಹೋಗಬೇಕು. ಸಿಡಿಲು ಬಡಿದಂತೆ ಒಂದು ನಿಮಿಷದೊಳಗೆ ತುತ್ತತುದಿ ಮುಟ್ಟುವ ನೋವು. ಜ್ವರದ ಜೊತೆ ಕತ್ತು ಬಗ್ಗದಿರುವುದು. ಮಾತು ತೊದಲುವುದು, ಕೈಕಾಲು ಸೋಲುವುದು, ಫಿಟ್ಸ್, ಎರಡೆರಡು ಕಾಣುವುದು. ಬೈಕಿನಿಂದ ಬಿದ್ದ ಮೇಲಿನ ತಲೆನೋವು. ಕೆಮ್ಮಿದರೆ, ಬಗ್ಗಿದರೆ ಮಾತ್ರ ಬರುವಂಥದ್ದು, ಅಥವಾ ಮಲಗಿದಾಗ ಹೆಚ್ಚಾಗುವಂಥದ್ದೂ ಅದೇ ವಾರ ತೋರಿಸಬೇಕಾದದ್ದು.

ಮೊಡವೆಗೆ ಡಾಕ್ಸಿಸೈಕ್ಲಿನ್ ಅಥವಾ ಐಸೊಟ್ರೆಟಿನೊಯಿನ್ ನುಂಗುತ್ತಿದ್ದು, ಹೊಸದಾಗಿ ದಿನವೂ ತಲೆನೋವು, ಬಗ್ಗಿ ಎದ್ದಾಗ ಕೆಲವು ಸೆಕೆಂಡು ಕಣ್ಣು ಮಂಜಾಗುವುದು, ನಾಡಿಗೆ ತಕ್ಕಂತೆ ಕಿವಿಯಲ್ಲಿ ಸುಂಯ್‌ಗುಡುವುದು ಇದ್ದರೆ ತಲೆಬುರುಡೆಯೊಳಗಿನ ಒತ್ತಡ ಏರಿರಬಹುದು. ತೂಕ ಹೆಚ್ಚಿರುವ ಯುವತಿಯರಲ್ಲಿ ಇದು ಹೆಚ್ಚು. ನೇತ್ರ ವಿಭಾಗದಲ್ಲಿ ಫಂಡಸ್ (ಕಣ್ಣಿನೊಳಗಿನ ಹಿಂಭಾಗ) ನೋಡಿಸಲು ಐದು ನಿಮಿಷ ಸಾಕು, ತಡಮಾಡಿದರೆ ದೃಷ್ಟಿಯೇ ಹೋಗಬಹುದು.

ಮಳೆಗಾಲದಲ್ಲಿ, ಜೂನ್‌ನಿಂದ ಅಕ್ಟೋಬರ್‌ವರೆಗೆ, ಜ್ವರದ ಜೊತೆ ಕಣ್ಣಿನ ಹಿಂದೆ ನೋವು ಬಂದರೆ ಡೆಂಗಿ ಇರಬಹುದು. ಆಗ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್, ನಾಪ್ರೊಕ್ಸೆನ್ ಮೂರೂ ರಕ್ತಸ್ರಾವ ಹೆಚ್ಚಿಸುತ್ತವೆ. ಏಪ್ರನ್ ಜೇಬಿನ ಸ್ಟ್ರಿಪ್ಪಿಗೆ ಕೈ ಹೋಗುವ ಮೊದಲು ಜ್ವರ ಅಳೆದು ಪ್ಲೇಟ್‌ಲೆಟ್ ಎಣಿಕೆ ಮಾಡಿಸಿ.